ಯಾರ ಚಿತ್ರಕ್ಕೆ ಮೊದಲ ಮೊಳೆ?

ಓದುಗರ ಪ್ರಶ್ನೆ: ಕಣ್ಣಿನ ಅಂಕಣ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕೂ ಹೆಚ್ಚು ಪೊರೆಯ ಬಗ್ಗೆ. ಬಿತ್ತನೆ ಮುಗಿದು ಕೈ ಬಿಡುವಾದಾಗ ಜನರಿಗೆ ಕಣ್ಣು ನೆನಪಾಗುತ್ತದೆ. ಹೊಸ ಓದುಗರಿಗೆ ಒಂದು ಮಾತು: ನಾನು ವೈದ್ಯನಲ್ಲ. ಮಹಾರಾಷ್ಟ್ರದ ಜತ್ತ ತಾಲ್ಲೂಕಿನಲ್ಲಿ 31 ವರ್ಷ ನೇತ್ರ ಸಹಾಯಕನಾಗಿದ್ದವನು. ಹನಿ ಹಾಕಿ, ನಂಬರು ನೋಡಿ, ಶಿಬಿರದ ದಿನ ಮುದುಕರನ್ನು ಟೆಂಪೋದಲ್ಲಿ ಕೂರಿಸಿ ಒಯ್ದು, ಪಟ್ಟಿ ಕಟ್ಟಿದ ಮೇಲೆ ಮನೆ ಬಾಗಿಲಿಗೆ ತಂದು ಬಿಟ್ಟವನು. ರಿಜಿಸ್ಟರಿನಲ್ಲಿ ಮರಾಠಿ ಬರೆಯುತ್ತಿದ್ದೆ, ರೋಗಿಯ ಕಿವಿಯಲ್ಲಿ ಕನ್ನಡ ಹೇಳುತ್ತಿದ್ದೆ. ಆದ್ದರಿಂದ ಈ ಪುಟವನ್ನು ಕತ್ತರಿಸಿ ಔಷಧದ ಅಂಗಡಿಗೆ ಒಯ್ಯಬೇಡಿ.

ಪ್ರಶ್ನೆ: ಅಕ್ಟೋಬರ್ ತಿಂಗಳ ಎರಡನೆಯ ಗುರುವಾರ ವಿಶ್ವ ದೃಷ್ಟಿ ದಿನ. ನಮ್ಮ ವಾಚನಾಲಯದಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆಗೆ ದಾರಿ ಮಾಡಿಕೊಟ್ಟ ಹಿರಿಯರ ಚಿತ್ರ ಹಾಕಿ ಗೌರವಿಸಬೇಕೆಂದಿದ್ದೇವೆ. ಗೋಡೆಯಲ್ಲಿ ಆರು ಚಿತ್ರಗಳಿಗೆ ಜಾಗವಿದೆ. ಸುಶ್ರುತನಿಂದ ಆರಂಭವಾಗಲಿ ಎಂದು ಅಧ್ಯಕ್ಷರು, ಕಣ್ಣಿನ ಶಿಬಿರಗಳ ಡಾ. ಮೋದಿಯವರಿಂದ ಎಂದು ಹುಡುಗರು. ಜಗಳ ಬಿಡಿಸಿ. ಜೊತೆಗೆ, ಪ್ರದರ್ಶನಕ್ಕೆ ಇಡುವಂಥ ಹಳೆಯ ವಸ್ತು ಏನಾದರೂ ನಿಮ್ಮ ಬಳಿ ಇದೆಯೇ?
(ವಾಚನಾಲಯದ ಕಾರ್ಯದರ್ಶಿ, ಉಮದಿಯ ಹತ್ತಿರದ ಹಳ್ಳಿ)

ಮೊದಲ ಮೊಳೆ ಹೆರಾಲ್ಡ್ ರಿಡ್ಲಿಗೆ. ಸುಶ್ರುತನ ವಿಷಯ ಮುಂದಿನ ಪ್ರಶ್ನೆಯಲ್ಲಿ ಬರುತ್ತದೆ, ಅಧ್ಯಕ್ಷರು ಅಲ್ಲಿಯವರೆಗೆ ಸಿಟ್ಟು ತಡೆದುಕೊಳ್ಳಲಿ.

ಲಂಡನ್ನಿನ ಆ ನೇತ್ರವೈದ್ಯನಿಗೆ ನಮ್ಮ ಗೋಡೆಯ ಮೊದಲ ಮೊಳೆ ಏಕೆ ಎಂದು ಹೇಳಬೇಕಾದರೆ ನನ್ನ ಅಜ್ಜಿಯ ಚಾಳೀಸಿನ ಕಥೆ ಹೇಳಬೇಕು. ಅಜ್ಜಿಗೆ ಪೊರೆ ತೆಗೆಸಿದಾಗ ನಾನು ಐದನೆಯ ಇಯತ್ತೆ. ಶಾಲೆಯ ಕೋಣೆಗಳ ಬೆಂಚುಗಳನ್ನು ಹೊರಗೆ ಹಾಕಿ ಶಿಬಿರ ಮಾಡಿದ್ದರು. ಆಗಿನ ಪದ್ಧತಿಯಲ್ಲಿ ಮಬ್ಬಾದ ಮಸೂರವನ್ನು ಕಣ್ಣಿನೊಳಗಿನಿಂದ ಇಡಿಯಾಗಿ ಹೊರಗೆ ತೆಗೆಯುತ್ತಿದ್ದರು, ಅದರ ಜಾಗದಲ್ಲಿ ಏನನ್ನೂ ಇಡುತ್ತಿರಲಿಲ್ಲ. ಮಸೂರದ ಕೆಲಸವನ್ನು ಮೂಗಿನ ಮೇಲಿನ ಗಾಜು ಮಾಡಬೇಕು. ಸುಮಾರು ಪ್ಲಸ್ ಹತ್ತರ ಗಾಜು, ನಡುವೆ ಉಬ್ಬಿ, ಸೋಡಾ ಬಾಟಲಿಯ ತಳದಂತೆ.

ಆ ಗಾಜಿನಲ್ಲಿ ಲೋಕ ಕಾಲುಭಾಗ ದೊಡ್ಡದಾಗಿ ಕಾಣುತ್ತದೆ. ದೊಡ್ಡದಾಗಿ ಎಂದರೆ ಹತ್ತಿರವಾಗಿ. ಅಜ್ಜಿ ತಂಬಿಗೆ ಹಿಡಿಯಲು ಚಾಚಿದ ಕೈ ತಂಬಿಗೆಗಿಂತ ಗೇಣು ಈಚೆಯೇ ಮುಚ್ಚಿಕೊಳ್ಳುತ್ತಿತ್ತು. ಬಾಗಿಲಿನ ಚೌಕಟ್ಟು ಬಿಲ್ಲಿನಂತೆ ಬಾಗಿ ಕಾಣುತ್ತದೆ ಎನ್ನುತ್ತಿದ್ದಳು. ನಾವು ನಗುತ್ತಿದ್ದೆವು. ದಪ್ಪ ಗಾಜಿನ ಅಂಚಿನ ಸುತ್ತ ಏನೂ ಕಾಣದ ಒಂದು ಉಂಗುರ ಇರುತ್ತದೆ. ಅಂಗಳದ ನಾಯಿ ಆ ಉಂಗುರದೊಳಗೆ ಹೋದರೆ ಮಾಯ, ದಾಟಿದರೆ ಥಟ್ಟನೆ ಎದುರಿಗೆ. ಸ್ವಂತ ಮನೆಯ ನಾಯಿಗೆ ಅಜ್ಜಿ ಹೆದರುತ್ತಿದ್ದಳು. ಇನ್ನೊಂದು ಕಣ್ಣಿಗೆ ಆಪರೇಶನ್ ಆಗಿರಲಿಲ್ಲ, ಹಾಗಾಗಿ ಎರಡು ಕಣ್ಣುಗಳ ಲೆಕ್ಕ ಎಂದೂ ತಾಳೆಯಾಗಲಿಲ್ಲ.

ಆದರೆ ಜೋಳದ ಮೊರ ಹಿಡಿದಾಗ ಅವಳು ಒಂದು ಉಪಾಯ ಕಂಡುಕೊಂಡಿದ್ದಳು. ಚಾಳೀಸನ್ನು ಮೂಗಿನ ತುದಿಗೆ ಜಾರಿಸಿಕೊಳ್ಳುತ್ತಿದ್ದಳು, ಆಗ ಹರಳು ಕಾಣುತ್ತಿತ್ತು. ನೋಡಿದವರು ಚಾಳೀಸು ಸಡಿಲವಾಗಿದೆ ಎಂದು ಮೇಲೇರಿಸಲು ಹೋದರೆ ಕೈ ಮೇಲೆ ಏಟು. ಎಷ್ಟೋ ವರ್ಷಗಳ ಮೇಲೆ ಸಾಂಗ್ಲಿಯಲ್ಲಿ ತರಬೇತಿಗೆ ಕುಳಿತಾಗ ಪಾಠ ಮಾಡುವವರು ಹೇಳಿದರು: ಪ್ಲಸ್ ಗಾಜು ಕಣ್ಣಿನಿಂದ ದೂರ ಸರಿದಷ್ಟೂ ಅದರ ಬಲ ಹೆಚ್ಚುತ್ತದೆ, ಹತ್ತಿರದ್ದು ಓದಲು ಅಷ್ಟು ಬಲ ಬೇಕೇಬೇಕು. ಅಜ್ಜಿಗೆ ಅದನ್ನು ಯಾರೂ ಕಲಿಸಿರಲಿಲ್ಲ, ಜೋಳ ಕಲಿಸಿತ್ತು.

ಮೂಗಿನ ಮೇಲಿನ ಈ ಗಾಜನ್ನು ಕಣ್ಣಿನ ಒಳಗೆ, ಮಸೂರ ಇದ್ದ ಜಾಗದಲ್ಲೇ ಇಟ್ಟವನು ರಿಡ್ಲಿ. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಮೇಲ್ಛಾವಣಿಯ ಪರ್ಸ್ಪೆಕ್ಸ್ ಒಡೆದು ಬ್ರಿಟಿಷ್ ಪೈಲಟ್‌ಗಳ ಕಣ್ಣುಗಳಿಗೆ ಚೂರುಗಳು ನುಗ್ಗುತ್ತಿದ್ದವು. ಸಾಮಾನ್ಯವಾಗಿ ಕಸ ಹೊಕ್ಕರೆ ಕೆರಳುವ ಕಣ್ಣು ಈ ಪ್ಲಾಸ್ಟಿಕ್ಕಿನ ಚೂರನ್ನು ಸುಮ್ಮನೆ ಇಟ್ಟುಕೊಂಡಿತ್ತು. 1940ರ ಆಗಸ್ಟ್‌ನಲ್ಲಿ ಹಾಗೆ ಗಾಯಗೊಂಡವರಲ್ಲಿ ಗಾರ್ಡನ್ ಕ್ಲೀವರ್ ಎಂಬ ಪೈಲಟ್ ಒಬ್ಬ. ಅದನ್ನು ರಿಡ್ಲಿ ಗಮನಿಸಿ ಇಟ್ಟುಕೊಂಡಿದ್ದ. ಯುದ್ಧ ಮುಗಿದ ಮೇಲೆ ಒಂದು ದಿನ ಅವನು ಪೊರೆ ತೆಗೆಯುವುದನ್ನು ನೋಡುತ್ತ ನಿಂತಿದ್ದ ಸ್ಟೀವ್ ಪ್ಯಾರಿ ಎಂಬ ವಿದ್ಯಾರ್ಥಿ, ಕೆಟ್ಟದ್ದನ್ನು ತೆಗೆದಿರಿ, ಅದರ ಜಾಗಕ್ಕೆ ಒಳ್ಳೆಯದನ್ನು ಇಡುವುದಿಲ್ಲವಲ್ಲ ಎಂಬರ್ಥದ ಮಾತಾಡಿದ. ಹುಡುಗರು ಕೇಳುವ ಪ್ರಶ್ನೆ ಹಿರಿಯರ ಹೊಟ್ಟೆಯಲ್ಲಿ ಹೋಗಿ ಕೂರುತ್ತದೆ. 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 45 ವರ್ಷದ ಒಬ್ಬ ಮಹಿಳೆಯ ಕಣ್ಣಿಗೆ ಆ ಕೆಲಸ ಆರಂಭವಾಯಿತು. ಪ್ಲಾಸ್ಟಿಕ್ಕಿನ ಮಸೂರ ಖಾಯಂ ಆಗಿ ಒಳಗೆ ಕೂತದ್ದು 1950ರ ಫೆಬ್ರವರಿಯಲ್ಲಿ.

ಫಲಿತಾಂಶ ಚೆನ್ನಾಗಿಯೇ ಇತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಮನುಷ್ಯನ ಮಸೂರದ ಆಕಾರವನ್ನೇ ನಕಲು ಮಾಡಿದ್ದರು. ಪ್ಲಾಸ್ಟಿಕ್ ಬೆಳಕನ್ನು ಅದಕ್ಕಿಂತ ಹೆಚ್ಚು ಬಾಗಿಸುವುದರಿಂದ ಆ ಮಹಿಳೆಗೆ ದೊಡ್ಡ ಮೈನಸ್ ನಂಬರು ಬಂತು. ಮುಂದೆ ಕೆಲವರ ಕಣ್ಣಿನಲ್ಲಿ ಮಸೂರ ಜಾರಿಯೂ ಹೋಯಿತು, ಅದು ಭಾರವಾಗಿತ್ತು. 1951ರಲ್ಲಿ ಆಕ್ಸ್‌ಫರ್ಡ್ ಸಮ್ಮೇಳನದಲ್ಲಿ ರಿಡ್ಲಿ ರೋಗಿಗಳನ್ನೇ ಕರೆತಂದು ತೋರಿಸಿದಾಗ ಅವನ ಕಾಲದ ಹಿರಿಯ ನೇತ್ರವೈದ್ಯ ಡ್ಯೂಕ್-ಎಲ್ಡರ್ ಒಪ್ಪಲಿಲ್ಲ. ಕಣ್ಣಿನಿಂದ ಪರವಸ್ತುವನ್ನು ತೆಗೆಯುವುದು ನಮ್ಮ ಕೆಲಸ, ಇವನು ಒಳಗೆ ಹಾಕುತ್ತಾನಲ್ಲ ಎಂಬುದು ವಿರೋಧಿಗಳ ವಾದ. ಈ ವಾದ ಮೂರ್ಖತನದ್ದು ಎಂದು ನನಗೆ ಅನ್ನಿಸಿಲ್ಲ. ಆಗಿನ ಹೊಲಿಗೆ, ಆಗಿನ ಔಷಧಿ ನೋಡಿದವರು ಹೆದರುವುದು ಸಹಜ. ಆದರೆ ಆ ಹೆದರಿಕೆ ಮೂರು ದಶಕ ಎಳೆಯಿತು. ಅಜ್ಜಿ ತಂಬಿಗೆಯ ಈಚೆ ಕೈ ಮುಚ್ಚುತ್ತಿದ್ದ ಕಾಲಕ್ಕೆ ರಿಡ್ಲಿಯ ಮಸೂರಕ್ಕೆ ಇಪ್ಪತ್ತು ವರ್ಷ ತುಂಬಿತ್ತು ಎಂದು ತಿಳಿದ ದಿನ ನನಗೆ ಊಟ ರುಚಿಸಲಿಲ್ಲ.

ರಿಡ್ಲಿ ಬದುಕಿದ್ದ, ಅದು ಅವನ ಪುಣ್ಯ. 1986ರಲ್ಲಿ ರಾಯಲ್ ಸೊಸೈಟಿಯ ಫೆಲೋ, 2000ದಲ್ಲಿ, 93ನೆಯ ವಯಸ್ಸಿನಲ್ಲಿ, ಸರ್ ಪದವಿ. ಮುಪ್ಪಿನಲ್ಲಿ ಅವನ ಎರಡೂ ಕಣ್ಣುಗಳಿಗೆ ಅದೇ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮಸೂರ ಹಾಕಿದರು. ಪೈಲಟ್ ಕ್ಲೀವರ್‌ಗೂ 1980ರ ದಶಕದಲ್ಲಿ ಪ್ಲಾಸ್ಟಿಕ್ ಮಸೂರ ಬಂತು, ಈ ಸಲ ಕ್ರಮವಾಗಿ.

ಎರಡನೆಯ ಮೊಳೆ ಹುಡುಗರು ಹೇಳಿದ ಹಾಗೆ ನಮ್ಮ ಮುರಿಗೆಪ್ಪ ಚನ್ನವೀರಪ್ಪ ಮೋದಿಯವರಿಗೆ. ಉಳಿದವರು ಈ ಪುಟದಲ್ಲೇ ಒಬ್ಬೊಬ್ಬರಾಗಿ ಬರುತ್ತಾರೆ, ಎಣಿಸಿಕೊಳ್ಳಿ. ಆರನೆಯ ಚೌಕಟ್ಟಿನಲ್ಲಿ ಚಿತ್ರ ಬೇಡ. ಖಾಲಿ ಕಾಗದದ ಮೇಲೆ ಒಳ್ಳೆಯ ಅಕ್ಷರದಲ್ಲಿ ಇಷ್ಟು ಬರೆಯಿಸಿ: ‘45 ವರ್ಷದ ಮಹಿಳೆ, ಲಂಡನ್, 1949’. ಶಿಬಿರದ ಹಿಂದಿನ ರಾತ್ರಿ ಊರಿನ ಧೈರ್ಯವಂತ ಗಂಡಸರು ಮೇಜಿನ ಮೇಲೆ ಮಲಗಲು ಹೆದರಿ ಟೆಂಪೋ ಇಳಿದು ಓಡಿಹೋದದ್ದನ್ನು ನಾನು ನೋಡಿದ್ದೇನೆ. ಯಾರೂ ಮಾಡಿಸಿಕೊಳ್ಳದ ಆಪರೇಶನ್ನಿಗೆ ಮಲಗಿದ ಹೆಂಗಸಿಗೆ ಒಂದು ಚೌಕಟ್ಟು ದೊಡ್ಡ ಖರ್ಚೇನಲ್ಲ.

ವಸ್ತುವಿನ ಪ್ರಶ್ನೆಗೆ ಕೊನೆಯಲ್ಲಿ ಉತ್ತರಿಸುತ್ತೇನೆ.

ಪ್ರಶ್ನೆ: ಎರಡು ಸಾವಿರ ವರ್ಷಗಳ ಹಿಂದೆಯೇ ಸುಶ್ರುತ ಪೊರೆ ತೆಗೆದಿದ್ದ ಎಂದು ಮಕ್ಕಳಿಗೆ ಪಾಠ ಮಾಡುತ್ತೇವೆ. ನೀವು ಯಾಕೆ ಯಾವಾಗಲೂ ಪರದೇಶದವರಿಂದ ಆರಂಭಿಸುತ್ತೀರಿ?
(ಶಿಕ್ಷಕಿ, ಕನ್ನಡ ಮಾಧ್ಯಮ ಶಾಲೆ, ಅಕ್ಕಲಕೋಟ ತಾಲ್ಲೂಕು)

ಬಾಯಿಯವರೇ, ‘ತೆಗೆದಿದ್ದ’ ಎಂಬ ಒಂದು ಕ್ರಿಯಾಪದ ತಿದ್ದಿದರೆ ನಿಮ್ಮ ಪಾಠ ಸರಿಯಾಗುತ್ತದೆ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಇರುವುದು ಪೊರೆಯನ್ನು ತಳ್ಳುವ ಕ್ರಮ. ದೃಷ್ಟಿ ಮಂಕಾಗುವ ತಿಮಿರ ಬಲಿತರೆ ಕಾಚ, ಕಾಚ ಬಲಿತರೆ ದೃಷ್ಟಿಯೇ ಹೋಗುವ ಲಿಂಗನಾಶ ಎಂದು ಅಲ್ಲಿಯ ಲೆಕ್ಕ. ರೋಗಿ ತನ್ನ ಮೂಗನ್ನೇ ನೋಡುತ್ತ ಕೂರಬೇಕು, ಎಡಗಣ್ಣಿಗೆ ವೈದ್ಯನ ಬಲಗೈ, ಬಲಗಣ್ಣಿಗೆ ಎಡಗೈ. ಚುಚ್ಚಲು ಜವೆಗೋಧಿಯ ಕಾಳಿನಂಥ ತುದಿಯ ಶಲಾಕೆ ಎಂಬ ಕಡ್ಡಿ, ಅದಕ್ಕೆ ದಾರ ಸುತ್ತಿರಬೇಕು, ಆಳಕ್ಕೆ ಹೋಗದ ಹಾಗೆ. ಚುಚ್ಚಿದ ಮೇಲೆ ಎದೆಹಾಲಿನ ಸಿಂಚನ. ಆಮೇಲೆ ತೇಗಬಾರದು, ಕೆಮ್ಮಬಾರದು, ಸೀನಬಾರದು, ಉಗುಳಬಾರದು. ಈ ಕೊನೆಯ ಸಾಲು ಓದಿದಾಗ ನಾನು ಎದ್ದು ಕೈ ಮುಗಿದೆ. ನಾನು ಶಿಬಿರದಲ್ಲಿ ತಂಬಾಕು ಜಗಿಯುವ ಮುದುಕರಿಗೆ ಇದನ್ನೇ ದಿನಕ್ಕೆ ನೂರು ಸಲ ಹೇಳುತ್ತಿದ್ದೆ.

ಇಷ್ಟು ಸೂಕ್ಷ್ಮವಾಗಿ ಬರೆದವನು ಕೈಯಿಂದ ಮಾಡದೆ ಬರೆದಿರಲಾರ. ಆದರೆ ತಳ್ಳಿದ ಮಸೂರ ಕಣ್ಣಿನೊಳಗೇ ಕೆಳಗೆ ಬಿದ್ದಿರುತ್ತದೆ. ಬೆಳಕು ಒಮ್ಮೆಗೇ ಬರುತ್ತದೆ, ಮುಂದೆ ಎಷ್ಟೋ ಕಣ್ಣುಗಳು ಉರಿ ಹತ್ತಿ, ಒತ್ತಡ ಏರಿ ಹಾಳಾಗುತ್ತವೆ. ಸೂಜಿಯಿಂದ ಪೊರೆ ಇಳಿಸುವವರು ಊರೂರು ತಿರುಗುತ್ತಿದ್ದುದು ಇದಕ್ಕೇ ಅವರಿಗೆ ಅನುಕೂಲವಾಗಿತ್ತು. ಕಣ್ಣು ಕೆಡುವ ಹೊತ್ತಿಗೆ ಅವರು ನಾಲ್ಕು ಊರು ದಾಟಿರುತ್ತಿದ್ದರು. 1819ರಲ್ಲಿ ಆರಂಭವಾದ ಮದ್ರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯ ಮುಖ್ಯಸ್ಥನಾಗಿದ್ದ ರಾಬರ್ಟ್ ಹೆನ್ರಿ ಎಲಿಯಟ್ ಕಳೆದ ಶತಮಾನದ ಆರಂಭದಲ್ಲಿ ಹೀಗೆ ಸೂಜಿ ತಾಗಿದ ಕಣ್ಣುಗಳ ಮೇಲೆಯೇ ಒಂದು ಪುಸ್ತಕ ಬರೆಯಬೇಕಾಯಿತು.

ಪೊರೆಯನ್ನು ಕಣ್ಣಿನಿಂದ ಹೊರಗೆ ತೆಗೆಯುವ ಕ್ರಮ ಹಾಕಿಕೊಟ್ಟವನು ಫ್ರಾನ್ಸಿನ ಜಾಕ್ ಡೇವಿಯಲ್, 1747ರಲ್ಲಿ. ಅರಿವಳಿಕೆ ಇಲ್ಲದೆ. ಕಣ್ಣಿಗೆ ಮರಗಟ್ಟಿಸುವ ಹನಿ ಬರಲು 1884ರವರೆಗೆ ಕಾಯಬೇಕಾಯಿತು. ಅದು ವಿಯೆನ್ನಾದ ಕಾರ್ಲ್ ಕೊಲರ್ ಎಂಬ ಯುವಕನ ಕಾಣಿಕೆ. ನಡುವಿನ ಆ 137 ವರ್ಷ ಮಲಗಿದವರನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ಉಮದಿಯ ಅಧ್ಯಕ್ಷರಿಗೂ ಇದೇ ಉತ್ತರ: ಸುಶ್ರುತನನ್ನು ಬಾಗಿಲಿನ ಮೇಲೆ, ಗಣಪತಿಯ ಪಕ್ಕ ಹಾಕಿ. ಆರರ ಲೆಕ್ಕಕ್ಕೆ ತರಬೇಡಿ.

ಪ್ರಶ್ನೆ: ಅಪ್ಪನಿಗೆ 72. ಎರಡೂ ಕಣ್ಣಿಗೆ ಪೊರೆ ಇದೆ ಎಂದಿದ್ದಾರೆ. ಇನ್ನೂ ಹಣ್ಣಾಗಿಲ್ಲ, ಹಣ್ಣಾದ ಮೇಲೆ ತೆಗೆಸೋಣ ಎಂದು ಹಟ ಹಿಡಿದಿದ್ದಾರೆ. ಅವರ ಅಪ್ಪನಿಗೆ ಡಾಕ್ಟರೇ ಹಾಗೆ ಹೇಳಿದ್ದರಂತೆ.
(ದಾಳಿಂಬೆ ಬೆಳೆಗಾರ, ಮಾಡಗ್ಯಾಳ)

ನಿಮ್ಮ ತಂದೆಯವರು ಹೇಳುವುದು ಸುಳ್ಳಲ್ಲ, ಹಳತು. ಅವರ ಅಪ್ಪನ ಕಾಲದಲ್ಲಿ ಆ ಮಾತು ಸರಿಯಾಗಿತ್ತು. ಇಡೀ ಮಸೂರವನ್ನು ಹೊರಗೆಳೆಯಬೇಕಾದಾಗ ಚೆನ್ನಾಗಿ ಬಲಿತದ್ದು ಸುಲಭವಾಗಿ ಕಳಚಿಕೊಳ್ಳುತ್ತದೆ. ಜೊತೆಗೆ ಆಪರೇಶನ್ ಆದ ಮೇಲೆ ಮೇಲೆ ಹೇಳಿದ ಸೋಡಾ ಗಾಜು ಹಾಕಿಕೊಳ್ಳಬೇಕಿತ್ತಲ್ಲ? ಅರ್ಧ ಮಬ್ಬಿನಲ್ಲಿ ಹೊಲಕ್ಕೆ ಹೋಗಿಬರುವವನಿಗೆ ಆ ಗಾಜು ಕೊಟ್ಟರೆ ಅವನ ಬದುಕು ಇನ್ನೂ ಕಷ್ಟ. ಅದಕ್ಕೇ ಪೂರ್ತಿ ಕತ್ತಲಾಗಲಿ ಎನ್ನುತ್ತಿದ್ದರು.

ಲೆಕ್ಕ ತಿರುಗಿಸಿದವನು ನ್ಯೂಯಾರ್ಕಿನ ಚಾರ್ಲ್ಸ್ ಕೆಲ್ಮನ್. ನಿಮ್ಮ ಗೋಡೆಯ ಮೂರನೆಯ ಚಿತ್ರ. ಸ್ಯಾಕ್ಸೊಫೋನ್ ನುಡಿಸುವ ಶೋಕಿಯ ಮನುಷ್ಯ. ಪೊರೆಯನ್ನು ಸಣ್ಣ ರಂಧ್ರದಿಂದ ತೆಗೆಯುವ ದಾರಿ ಹುಡುಕಿ ಹುಡುಕಿ ಸೋತಿದ್ದಾಗ ಹಲ್ಲು ಸ್ವಚ್ಛ ಮಾಡಿಸಲು ದಂತವೈದ್ಯರ ಕುರ್ಚಿಯಲ್ಲಿ ಕುಳಿತ. ಅಲ್ಲಿ ಕಿವಿಗೆ ಕೇಳದ ವೇಗದಲ್ಲಿ ನಡುಗುವ ಕಡ್ಡಿಯೊಂದು ನೀರು ಚಿಮ್ಮಿಸುತ್ತ ಹಲ್ಲಿನ ಕಿಟ್ಟವನ್ನು ಉದುರಿಸುತ್ತಿತ್ತು, ಹಲ್ಲು ಮಾತ್ರ ಅಲುಗುತ್ತಿರಲಿಲ್ಲ. ಸುತ್ತಲಿನದಕ್ಕೆ ಪೆಟ್ಟು ತಾಗದಂತೆ ಗಟ್ಟಿಯಾದದ್ದನ್ನು ಮಾತ್ರ ಪುಡಿ ಮಾಡಬಹುದು ಎಂದು ಅವನಿಗೆ ಹೊಳೆದದ್ದು ಬಾಯಿ ಕಳೆದು ಕೂತಾಗ. 1967ರಲ್ಲಿ ಮನುಷ್ಯನ ಕಣ್ಣಿಗೆ ಬಂದ ಈ ಪದ್ಧತಿಯೇ ಇವತ್ತಿನ ಫೇಕೋ. ಟೊಳ್ಳು ಸೂಜಿಯ ತುದಿ ಸೆಕೆಂಡಿಗೆ ಸುಮಾರು 40,000 ಸಲ ನಡುಗಿ ಮಸೂರವನ್ನು ಗಂಜಿ ಮಾಡುತ್ತದೆ, ಅದೇ ಸೂಜಿ ಗಂಜಿಯನ್ನು ಹೀರುತ್ತದೆ. ಮೊದಲ ಆಪರೇಶನ್ ಗಂಟೆಗಟ್ಟಲೆ ಹಿಡಿಯಿತು, ಈಗ ಕಾಲು ಗಂಟೆಯ ಕೆಲಸ. ಮೊದಲು ಮರಳಿನ ಚೀಲಗಳ ನಡುವೆ ತಲೆ ಇಟ್ಟು ದಿನಗಟ್ಟಲೆ ಅಲುಗದೆ ಮಲಗಬೇಕಿತ್ತು, ಈಗ ಅದೇ ಸಂಜೆ ಮನೆಗೆ. ಕೆಲ್ಮನ್ 2004ರ ಜೂನ್‌ನಲ್ಲಿ ತೀರಿಕೊಂಡ, ಅಮೆರಿಕದ ದೊಡ್ಡ ವೈದ್ಯಕೀಯ ಪ್ರಶಸ್ತಿಯಾದ ಲಾಸ್ಕರ್ ಬಂದದ್ದು ಅದೇ ವರ್ಷ, ಅವನು ಹೋದ ಮೇಲೆ.

ಈಗ ನಿಮ್ಮ ತಂದೆಯವರ ಕಣ್ಣು. ಫೇಕೋಗೆ ಮೆದು ಪೊರೆ ಒಳ್ಳೆಯದು. ಬಲಿತು ಕಂದು ಬಣ್ಣಕ್ಕೆ ತಿರುಗಿದ ಮಸೂರವನ್ನು ಪುಡಿ ಮಾಡಲು ಹೆಚ್ಚು ಶಕ್ತಿ ಬೇಕು, ಆ ಶಕ್ತಿಯ ಪೆಟ್ಟು ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಒಳಬದಿಗೆ ತಾಗುತ್ತದೆ, ಅಲ್ಲಿಯ ಕೋಶಗಳು ಒಮ್ಮೆ ಹೋದರೆ ಮತ್ತೆ ಹುಟ್ಟುವುದಿಲ್ಲ. ಗಟ್ಟಿಯಾದದ್ದಕ್ಕೆ ಯಂತ್ರವಿಲ್ಲದ, ಹೊಲಿಗೆಯೂ ಇಲ್ಲದ ಸಣ್ಣ ಗಾಯದ ಇನ್ನೊಂದು ಪದ್ಧತಿ ಇದೆ, ನಮ್ಮ ಶಿಬಿರಗಳಲ್ಲಿ ಹೆಚ್ಚಾಗಿ ಮಾಡುವುದು ಅದನ್ನೇ. ನೇಪಾಳದ ಸಂದುಕ್ ರುಯಿತ್ ಗುಡ್ಡಗಾಡಿನ ಹಳ್ಳಿಗಳಲ್ಲಿ ಅದರಿಂದಲೇ ಹೆಸರಾದವರು, 2006ರ ಮ್ಯಾಗ್ಸೆಸೆ ಪುರಸ್ಕೃತರು. ಆದ್ದರಿಂದ ಬಲಿತರೆ ಗತಿಯೇ ಇಲ್ಲ ಎಂದು ಹೆದರಿಸುವುದಿಲ್ಲ. ಆದರೆ ತೀರಾ ಬಲಿತ ಪೊರೆ ಒಳಗೇ ಸೋರಿ ಕಣ್ಣಿನ ಒತ್ತಡ ಏರಿಸಬಲ್ಲದು. ಗುಡ್ಡಾಪುರದ ಜಾತ್ರೆ ಮುಗಿಯಲಿ, ಮೊಮ್ಮಗಳ ಮದುವೆ ಮುಗಿಯಲಿ ಎನ್ನುತ್ತಿದ್ದ ಒಬ್ಬ ಹಿರಿಯರನ್ನು ಒಂದು ನಡುರಾತ್ರಿ ಕಣ್ಣು ಕೆಂಪಾಗಿ, ವಾಂತಿ ಮಾಡುತ್ತಿದ್ದ ಸ್ಥಿತಿಯಲ್ಲಿ ಮಿರಜಕ್ಕೆ ಒಯ್ದದ್ದು ನನಗೆ ನೆನಪಿದೆ. ನೋವು ಹೋಯಿತು, ದೃಷ್ಟಿ ಮರಳಲಿಲ್ಲ.

ಕಾಯಿ ದಾಳಿಂಬೆಯನ್ನು ಕೀಳಬೇಡ ಎಂದು ಅವರು ನಿಮಗೆ ಹೇಳುವುದು ನ್ಯಾಯ. ಕಣ್ಣಿನ ವಿಷಯದಲ್ಲಿ ತೋಟದ ಲೆಕ್ಕ ಬೇಡ. ಹೊಲದ ಬದು ದಾಟಲು, ನೋಟಿನ ಬೆಲೆ ಗುರುತಿಸಲು ತೊಂದರೆಯಾಗುತ್ತಿದೆ ಎಂದರೆ ಸಮಯ ಬಂದಿದೆ.

ಪ್ರಶ್ನೆ: ದೇಶಿ ಲೆನ್ಸ್ ಹಾಕಿಸಿಕೊಂಡರೆ ಬೇಗ ಕೆಡುತ್ತದೆ ಎನ್ನುತ್ತಾರೆ, ನಿಜವೇ?
(ಓದುಗರು, ಆದೋನಿ)

ಇಲ್ಲ. ಮಧುರೆಯ ಡಾ. ಗೋವಿಂದಪ್ಪ ವೆಂಕಟಸ್ವಾಮಿ ಸರ್ಕಾರಿ ಕೆಲಸದಿಂದ ನಿವೃತ್ತರಾಗಿ 58ನೆಯ ವಯಸ್ಸಿನಲ್ಲಿ, 1976ರಲ್ಲಿ, 11 ಹಾಸಿಗೆಗಳ ಅರವಿಂದ ಕಣ್ಣಾಸ್ಪತ್ರೆ ಆರಂಭಿಸಿದರು. ಸಂಧಿವಾತದಿಂದ ಅವರ ಬೆರಳುಗಳು ಸೊಟ್ಟಗಾಗಿದ್ದವು. ಆ ಬೆರಳುಗಳಲ್ಲೇ ಚಾಕು ಹಿಡಿಯುವುದನ್ನು ಹೊಸದಾಗಿ ಕಲಿತು ಲಕ್ಷಕ್ಕೂ ಹೆಚ್ಚು ಕಣ್ಣುಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ವಿದೇಶದ ಮಸೂರದ ಬೆಲೆ ಬಡವರಿಗೆ ನಿಲುಕದೆ ಇದ್ದಾಗ ಅವರ ಸಂಸ್ಥೆ 1992ರಲ್ಲಿ ಆರೋಲ್ಯಾಬ್ ಎಂಬ ಕಾರ್ಖಾನೆ ತೆರೆದು ಇಲ್ಲೇ ಮಸೂರ ಮಾಡಿತು, ಬೆಲೆ ಹತ್ತರಲ್ಲೊಂದು ಪಾಲಿನಷ್ಟಕ್ಕೆ ಇಳಿಯಿತು. ಈಗ ಆ ಮಸೂರಗಳು ಪರದೇಶಗಳಿಗೂ ಹೋಗುತ್ತವೆ. ನಾಲ್ಕನೆಯ ಮೊಳೆ ಇವರಿಗೆ.

ಆಪರೇಶನ್ ಆಗಿ ವರ್ಷಗಳ ಮೇಲೆ ಮತ್ತೆ ಮಬ್ಬಾದರೆ ಲೆನ್ಸ್ ಕೆಟ್ಟಿತು ಎಂದು ಬೈಯಬೇಡಿ. ಲೆನ್ಸ್ ಕೂತಿರುವ ಚೀಲದ ಹಿಂಭಾಗ ಮಸುಕಾಗಿರುತ್ತದೆ, ಲೇಸರ್‌ನಿಂದ ಎರಡು ನಿಮಿಷದಲ್ಲಿ ತೆರವಾಗುತ್ತದೆ.

ಪ್ರಶ್ನೆ: ನನಗೆ 20 ವರ್ಷ, ಎರಡೂ ಕಣ್ಣಿಗೆ ಮೈನಸ್ 5. ಲೇಸರ್ ಮಾಡಿಸಿ ಕನ್ನಡಕ ತೆಗೆಸಿದರೆ ಸಂಬಂಧ ಬೇಗ ಕೂಡಿಬರುತ್ತದೆ ಎಂದು ಮನೆಯಲ್ಲಿ ಹೇಳುತ್ತಿದ್ದಾರೆ. ಅದನ್ನು ಕಂಡುಹಿಡಿದವರು ಭಾರತೀಯರಂತೆ, ಹೌದೇ? ಅಪಾಯ ಇದೆಯೇ?
(ಪದವಿ ವಿದ್ಯಾರ್ಥಿನಿ, ಕಾಸರಗೋಡು)

ಮಗಳೇ, ಕನ್ನಡಕ ನೋಡಿ ಹಿಂದೆ ಸರಿಯುವ ಸಂಬಂಧದ ಬಗ್ಗೆ ಬರೆಯಲು ಇನ್ನೊಂದು ಅಂಕಣವಿದೆ. ನಾನು ಕಣ್ಣಿನ ಮಟ್ಟಿಗೆ ಹೇಳುತ್ತೇನೆ.

ಹೌದು, ಬೇರು ನಮ್ಮ ಕಡೆಯದೇ. ರಂಗಸ್ವಾಮಿ ಶ್ರೀನಿವಾಸನ್ 1929ರಲ್ಲಿ ಮದ್ರಾಸಿನಲ್ಲಿ ಹುಟ್ಟಿ ಅಲ್ಲೇ ಪದವಿ ಪಡೆದು ಅಮೆರಿಕಕ್ಕೆ ಹೋದವರು. ಐಬಿಎಂ ಪ್ರಯೋಗಾಲಯದಲ್ಲಿ ಎಕ್ಸೈಮರ್ ಎಂಬ ನೇರಳಾತೀತ ಲೇಸರ್‌ನಿಂದ ಪ್ಲಾಸ್ಟಿಕ್ ಕೆತ್ತುವ ಕೆಲಸ. ಜೀವವಿರುವ ವಸ್ತುವಿನ ಮೇಲೆ ಇದು ಹೇಗೆ ಕೆಲಸ ಮಾಡೀತು ಎಂಬ ಕುತೂಹಲ ಅವರಿಗೂ ಜೊತೆಗಾರರಾದ ಜೇಮ್ಸ್ ವೈನ್ ಮತ್ತು ಸ್ಯಾಮ್ಯುಯೆಲ್ ಬ್ಲಮ್ ಅವರಿಗೂ ಇತ್ತು. 1981ರ ನವೆಂಬರ್‌ನಲ್ಲಿ ಅಲ್ಲಿಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡನ್ನು ಶ್ರೀನಿವಾಸನ್ ಮರುದಿನ ಪ್ರಯೋಗಾಲಯಕ್ಕೆ ಒಯ್ದರು. ಲೇಸರ್ ಬಿಟ್ಟ ಜಾಗದಲ್ಲಿ ಚೊಕ್ಕ ಗೀರು, ಅಂಚು ಸುಟ್ಟಿರಲಿಲ್ಲ. ಹಬ್ಬದ ಮರುದಿನದ ತಂಗಳು ಇಷ್ಟು ಜನರ ಕನ್ನಡಕ ಇಳಿಸೀತು ಎಂದು ಯಾರು ಎಣಿಸಿದ್ದರು? ಇದನ್ನು ಕಾರ್ನಿಯಾಕ್ಕೆ ಬಳಸಬಹುದು ಎಂದು ಕಂಡವನು ನೇತ್ರವೈದ್ಯ ಸ್ಟೀವನ್ ಟ್ರೋಕಲ್, 1983ರಲ್ಲಿ ಇಬ್ಬರೂ ಸೇರಿ ಪ್ರಕಟಿಸಿದರು. ಐದನೆಯ ಚಿತ್ರ ಶ್ರೀನಿವಾಸನ್ ಅವರದು.

ಈ ಹಾದಿಯಲ್ಲಿ ಮುಗ್ಗರಿಸಿದವರೂ ಇದ್ದಾರೆ, ಅವರ ಹೆಸರು ನಿನಗೆ ತಿಳಿದಿರಬೇಕು. ಜಪಾನಿನ ಟ್ಸುಟೊಮು ಸಾಟೊ ಕಾರ್ನಿಯಾದ ಒಳಬದಿಗೆ ಗೀರು ಹಾಕಿ ನಂಬರು ಇಳಿಸುತ್ತಿದ್ದ. ನಂಬರು ಇಳಿಯಿತು, ರೋಗಿಗಳು ಸಂತೋಷಪಟ್ಟರು. ಒಳಪದರದ ಕೋಶಗಳು ಮತ್ತೆ ಹುಟ್ಟುವುದಿಲ್ಲ ಎಂಬುದು ಆಗ ತಿಳಿದಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಆ ಕಣ್ಣುಗಳು ಊದಿಕೊಂಡು ಬೆಳ್ಳಗಾದವು. ರಷ್ಯಾದ ಸ್ವ್ಯಾತೊಸ್ಲಾವ್ ಫ್ಯೊಡೊರೊವ್ ಹೊರಬದಿಗೆ ಸೂರ್ಯಕಿರಣದ ಹಾಗೆ ಗೀರು ಹಾಕುವುದನ್ನು 1970ರ ದಶಕದಲ್ಲಿ ಹೆಸರಿಗೆ ತಂದ. ರೋಗಿಗಳ ಮಂಚಗಳನ್ನು ಕಾರ್ಖಾನೆಯ ಪಟ್ಟಿಯಂತೆ ಸರಿಸುತ್ತ ಒಬ್ಬೊಬ್ಬ ವೈದ್ಯ ಒಂದೊಂದು ಹಂತ ಮಾಡುವ ವ್ಯವಸ್ಥೆಯೂ ಅವನದೇ. ಕೊಲಂಬಿಯಾದ ಹೋಸೆ ಬಾರಾಕೆರ್ ಇನ್ನೂ ವಿಚಿತ್ರ: ಕಾರ್ನಿಯಾದ ಬಿಲ್ಲೆ ತೆಗೆದು, ಹೆಪ್ಪುಗಟ್ಟಿಸಿ, ಲೇಥ್ ಮೇಲೆ ಅರೆದು ಮತ್ತೆ ಕೂರಿಸುತ್ತಿದ್ದ. ಕಬ್ಬಿಣದ ಕೆಲಸಗಾರನ ಲೇಥ್‌ಗೆ ಕಣ್ಣಿನ ತುಂಡು ಕಟ್ಟುವ ಧೈರ್ಯ ನೋಡು. ಬಾರಾಕೆರ್‌ನ ಬಿಲ್ಲೆ ಮತ್ತು ಶ್ರೀನಿವಾಸನ್‌ರ ಲೇಸರ್ ಎರಡೂ ಸೇರಿದಾಗ ನೀನು ಕೇಳುತ್ತಿರುವ ಲೇಸಿಕ್ ಆಯಿತು. ಅದನ್ನು ರೂಪಿಸಿದವರಲ್ಲಿ ಗ್ರೀಸಿನ ಪಲ್ಲಿಕಾರಿಸ್ ಮುಖ್ಯ.

ನಿನ್ನ ಕಣ್ಣಿಗೆ ಬರೋಣ. ಕಾರ್ನಿಯಾ ನಡುವೆ ಅರ್ಧ ಮಿಲಿಮೀಟರಿನಷ್ಟು ದಪ್ಪ, ಲೇಸರ್ ಅದರಲ್ಲೇ ಸ್ವಲ್ಪ ಕೆತ್ತುತ್ತದೆ. ಆದ್ದರಿಂದ ದಪ್ಪ ಎಷ್ಟು, ಆಕಾರ ಹೇಗೆ ಎಂಬ ನಕ್ಷೆ ತೆಗೆಯದೆ ಯಾರಾದರೂ ಹೂಂ ಎಂದರೆ ಎದ್ದು ಬಾ. ಕಾರ್ನಿಯಾ ತೆಳುವಾಗಿ ಮುಂದಕ್ಕೆ ಚೂಪಾಗುವ ಕಾಯಿಲೆಯ ಸುಳಿವಿದ್ದರೆ ಲೇಸರ್ ಬೇಡವೇ ಬೇಡ. ಯಾವಾಗಲೂ ಕಣ್ಣು ಉಜ್ಜುವ ಅಭ್ಯಾಸವಿದ್ದರೆ ಮುಚ್ಚಿಡಬೇಡ. ಒಂದು ವರ್ಷದಿಂದ ನಂಬರು ಏರಿಲ್ಲ ಎಂಬುದಕ್ಕೆ ಹಳೆಯ ಚೀಟಿ ತೋರಿಸು. ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತಿದ್ದರೆ ಪರೀಕ್ಷೆಗೆ ಮೊದಲು ವೈದ್ಯರು ಹೇಳಿದಷ್ಟು ದಿನ ಬಿಟ್ಟಿರಬೇಕು. ಕೆಲವು ತಿಂಗಳು ಕಣ್ಣು ಒಣಗಿದ ಹಾಗಿರುತ್ತದೆ, ರಾತ್ರಿ ದೀಪಗಳ ಸುತ್ತ ಬಳೆ ಕಾಣಬಹುದು. ನಲವತ್ತಕ್ಕೆ ಓದುವ ಚಾಳೀಸು ಬರುವುದನ್ನು ಯಾವ ಲೇಸರ್ರೂ ತಪ್ಪಿಸದು.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಲೇಸರ್‌ಗೆ ಮೊದಲಿನ ನಂಬರು ಮತ್ತು ಕಾರ್ನಿಯಾದ ಅಳತೆಗಳ ಕಾಗದವನ್ನು ಹತ್ತನೆಯ ತರಗತಿಯ ಅಂಕಪಟ್ಟಿಯ ಜೊತೆ ಭದ್ರವಾಗಿ ಇಡು. ಅರವತ್ತು ವರ್ಷಕ್ಕೆ ನಿನಗೂ ಪೊರೆ ಬರುತ್ತದೆ. ನೀವು ಅಲ್ಲಿ ತಿಮಿರ ಎನ್ನುತ್ತೀರಿ, ನಮ್ಮಲ್ಲಿ ಮೋತಿಬಿಂದು. ಲೇಸರ್‌ನಿಂದ ಆಕಾರ ಬದಲಾದ ಕಣ್ಣಿಗೆ ಯಾವ ಬಲದ ಮಸೂರ ಹಾಕಬೇಕೆಂಬ ಲೆಕ್ಕ ಸುಲಭವಾಗಿ ತಪ್ಪುತ್ತದೆ, ಆಗ ಈ ಹಳೆಯ ಕಾಗದ ಬಂಗಾರ.

ಪ್ರಶ್ನೆ: ಹಿಂದಿನ ಸಂಚಿಕೆಯಲ್ಲಿ ಡಾ. ಮೋದಿಯವರನ್ನು ಬೆಳಗಾವಿಯವರು ಎಂದು ಬರೆದಿದ್ದೀರಿ. ಅವರು ನಮ್ಮ ಬೀಳಗಿಯವರು. ಜೊತೆಗೆ, ನಿಮ್ಮ ಅಜ್ಜಿಯ ಆಪರೇಶನ್ ಮಾಡಿದವರು ಅವರೇ ಎಂದೂ ಒಮ್ಮೆ ಬರೆದ ನೆನಪು. ಯಾವ ಶಿಬಿರ?
(ಓದುಗರು, ಬೀಳಗಿ)

ತಪ್ಪಾಯಿತು. 1916ರಲ್ಲಿ ಬೀಳಗಿಯಲ್ಲೇ ಹುಟ್ಟಿದವರು, ಆಗಿನ ವಿಜಾಪುರ ಜಿಲ್ಲೆ. ಅಂಕಣ ಬರೆಯುವಾಗ ಹೆಂಡತಿ ಚಹಾ ತಂದಳು, ಕೈ ಬೆಳಗಾವಿಗೆ ಹೋಯಿತು.

ಅಜ್ಜಿಯ ವಿಷಯದಲ್ಲಿ ನಾನು ಬರೆದದ್ದು ಅಜ್ಜಿಯ ಮಾತು. ಸಾಯುವವರೆಗೆ ಅವಳು ‘ಮೋದಿ ಡಾಕ್ಟರ ಕೈ’ ಎಂದೇ ಹೇಳುತ್ತಿದ್ದಳು. ಮುಂದೆ ಕೆಲಸಕ್ಕೆ ಸೇರಿದ ಮೇಲೆ ತಿಳಿದದ್ದೆಂದರೆ, ನಮ್ಮ ಸೀಮೆಯಲ್ಲಿ ಕಣ್ಣಿನ ಶಿಬಿರ ಮಾಡಿಸಿಕೊಂಡ ಮುದುಕರಲ್ಲಿ ಎಷ್ಟೋ ಜನ ಅದನ್ನೇ ಹೇಳುತ್ತಾರೆ. ಚಾಕು ಹಿಡಿದವನು ಮಿರಜದ ಯಾವನೋ ಹೊಸ ಡಾಕ್ಟರನಾಗಿದ್ದರೂ ಸರಿ, ಅವರ ಬಾಯಲ್ಲಿ ಅವನು ಮೋದಿ ಡಾಕ್ಟರ್. ಕಣ್ಣು ಕೊಟ್ಟ ಅಣ್ಣ ಎಂದು ಜನ ಕರೆದ ಅವರಿಗೆ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂದವು. ಒಂದೇ ದಿನ 833 ಕಣ್ಣುಗಳ ಪೊರೆ ತೆಗೆದ ಲೆಕ್ಕ ಗಿನ್ನೆಸ್ ದಾಖಲೆಯಲ್ಲಿದೆ. ಇವೆಲ್ಲಕ್ಕಿಂತ, ಬೇರೆಯವರು ಮಾಡಿದ ಆಪರೇಶನ್ನೂ ತನ್ನ ಹೆಸರಿಗೆ ಬರುವಂಥ ಗೌರವ ಇನ್ನೊಬ್ಬ ವೈದ್ಯರಿಗೆ ಸಿಕ್ಕಿದ್ದನ್ನು ನಾನು ಕೇಳಿಲ್ಲ. ಅಜ್ಜಿಯ ಶಿಬಿರದ ಚೀಟಿ ಎಲ್ಲಿಯೂ ಸಿಗಲಿಲ್ಲ. ಸಿಕ್ಕಿದ್ದರೂ ಅವಳಿಗೆ ಓದಿ ಹೇಳುತ್ತಿರಲಿಲ್ಲ.

ಉಮದಿಯ ಕಾರ್ಯದರ್ಶಿಗಳ ಉಳಿದ ಪ್ರಶ್ನೆಗೆ:

ಇದೆ. ಅಜ್ಜಿಯ ಚಾಳೀಸು ನನ್ನ ಟ್ರಂಕಿನಲ್ಲಿದೆ, ಮುಂದಿನ ಸೋಮವಾರದ ಸಂತೆಗೆ ಬರುವ ಯಾರ ಕೈಯಲ್ಲಾದರೂ ಕಳುಹಿಸುತ್ತೇನೆ. ಎಡಗಡೆಯ ಕಡ್ಡಿ ಮುರಿದು ಕಪ್ಪು ದಾರ ಸುತ್ತಿದೆ. ಅದು ಅಜ್ಜಿಯೇ ಸುತ್ತಿದ್ದು, ಬಿಚ್ಚಿ ರಿಪೇರಿ ಮಾಡಿಸಬೇಡಿ. ಪಕ್ಕದಲ್ಲಿ ಒಂದು ಮೊರ, ಹಿಡಿ ಜೋಳ, ನಾಲ್ಕು ಹರಳು ಇಡಿ. ಮಕ್ಕಳು ಹಾಕಿಕೊಂಡು ನೋಡುತ್ತೇವೆ ಎಂದರೆ ಕೂತಲ್ಲೇ ನೋಡಲಿ, ಅದನ್ನು ಹಾಕಿಕೊಂಡು ಮೆಟ್ಟಿಲು ಇಳಿಯಲು ಬಿಡಬೇಡಿ. ದೀಪಾವಳಿಯೊಳಗೆ ಹಿಂದಿರುಗಿಸಿ.